ಸುಣ್ಣ ಬಿದ್ದು ಸುಟ್ಟ ಕಣ್ಣಿಗೆ ಹೊಸ ಪದರ ಬೆಳೆಸುವುದು ಹೇಗೆ?

ಎಲೆ ಅಡಿಕೆ ಹಾಕುವವರ ಮನೆಯಲ್ಲಿ ಸುಣ್ಣದ ಪೊಟ್ಟಣ ಇದ್ದೇ ಇರುತ್ತದೆ. ಮಕ್ಕಳು ಅದನ್ನು ಆಟಕ್ಕೆಂದು ಹಿಸುಕುತ್ತಾರೆ, ಪೊಟ್ಟಣ ಒಡೆದು ಸುಣ್ಣ ಸೀದಾ ಕಣ್ಣಿಗೆ ಸಿಡಿಯುತ್ತದೆ. ಹಾಗಾದರೆ ಮೊದಲ ಕೆಲಸ ನೀರು. ಆಸ್ಪತ್ರೆಗೆ ಓಡುವ ಮೊದಲೇ, ಅಲ್ಲೇ, ಅರ್ಧ ಗಂಟೆಯಾದರೂ ಶುದ್ಧ ನೀರು ಹಾಕುತ್ತಲೇ ಇರಬೇಕು. ರೆಪ್ಪೆಯ ಒಳಗೆ ಸುಣ್ಣದ ಚೂರು ಅಂಟಿಕೊಂಡಿರುತ್ತದೆ, ಅದನ್ನು ಡಾಕ್ಟರು ರೆಪ್ಪೆ ಮಗುಚಿ ತೆಗೆಯುತ್ತಾರೆ.

ಇಷ್ಟಾದರೂ ಕಣ್ಣು ಮಬ್ಬಾಗಿಯೇ ಉಳಿದರೆ? ಅದಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ ಇದೆ. ಸ್ಟೆಮ್ ಸೆಲ್ ಅಂದರೆ ಹೊಸ ಜೀವಕೋಶಗಳನ್ನು ಹುಟ್ಟಿಸುತ್ತಲೇ ಇರುವ ಮೂಲಕೋಶ. ಮುಂದೊಂದು ದಿನ ಬರುತ್ತದಂತೆ ಅನ್ನುವ ಸುದ್ದಿಯಲ್ಲ, ಈಗಲೇ ಮಾಡುತ್ತಿದ್ದಾರೆ.

ಕಪ್ಪುಗುಡ್ಡೆಯ ಮುಂದೆ ಗಾಜಿನ ಹಾಗಿರುವ ಪದರವೇ ಕಾರ್ನಿಯಾ. ಅದರ ಮೇಲಿನ ಜೀವಕೋಶಗಳು ಸವೆಯುತ್ತಲೇ ಇರುತ್ತವೆ, ಹೊಸವು ಬರುತ್ತಲೇ ಇರುತ್ತವೆ. ಬರುವುದು ಎಲ್ಲಿಂದ? ಕಪ್ಪು ಮತ್ತು ಬಿಳಿ ಸೇರುವ ಅಂಚಿನಿಂದ. ಲಿಂಬಸ್ ಎನ್ನುವ ಆ ಸಣ್ಣ ಉಂಗುರದಲ್ಲಿ ಸ್ಟೆಮ್ ಸೆಲ್‌ಗಳಿವೆ. ಸುಣ್ಣ ಅವುಗಳನ್ನೇ ಸುಟ್ಟರೆ ಪಕ್ಕದ ಬಿಳಿಭಾಗದ ಪೊರೆ, ರಕ್ತನಾಳಗಳ ಸಮೇತ, ಕಾರ್ನಿಯಾ ಮೇಲೆ ಹಬ್ಬಿಕೊಳ್ಳುತ್ತದೆ. ಆಗ ದಾನಿಯ ಕಾರ್ನಿಯಾ ತಂದು ಕೂರಿಸಿದರೂ ನಿಲ್ಲುವುದಿಲ್ಲ, ಅದರ ಮೇಲ್ಪದರ ಕಾಯುವ ಕೋಶಗಳೇ ಇಲ್ಲವಲ್ಲ.

1989ರಲ್ಲಿ ಅಮೆರಿಕದ ಕಣ್ಣಿನ ಡಾಕ್ಟರುಗಳಾದ ಕೆನ್ಯನ್ ಮತ್ತು ಸೆಂಗ್ ಒಳ್ಳೆಯ ಕಣ್ಣಿನಿಂದ ಲಿಂಬಸ್ ತೆಗೆದು ಸುಟ್ಟ ಕಣ್ಣಿಗೆ ಹಾಕುವ ಕ್ರಮವನ್ನು ಪ್ರಕಟಿಸಿದರು. ಅದು ಕೆಲಸವೇನೋ ಮಾಡಿತು, ಆದರೆ ದೊಡ್ಡ ತುಂಡೇ ಬೇಕು. ಇರುವ ಒಂದು ಕಣ್ಣಿಗೂ ಏನಾದರೂ ಆದರೆ ಅನ್ನುವ ಭಯ ಇರುತ್ತೆ ಅಲ್ವಾ? ಅದಕ್ಕೇ 1997ರಲ್ಲಿ ಇಟಲಿಯ ವಿಜ್ಞಾನಿಗಳಾದ ಪೆಲ್ಲೆಗ್ರಿನಿ ಮತ್ತು ಡಿ ಲೂಕಾ ಅವರ ತಂಡ ಚಿಕ್ಕ ಚೂರು ತೆಗೆದು ಲ್ಯಾಬಿನಲ್ಲಿ ಬೆಳೆಸಿ ಕಣ್ಣಿಗೆ ಹಾಕಿ ತೋರಿಸಿತು. 2010ರಲ್ಲಿ ಇಟಲಿಯಿಂದಲೇ 112 ರೋಗಿಗಳ ವರದಿ ಬಂತು, 76.6% ಕಣ್ಣುಗಳಲ್ಲಿ ಕಾರ್ನಿಯಾದ ಮೇಲ್ಪದರ ಮತ್ತೆ ತಿಳಿಯಾಗಿ ನಿಂತಿತ್ತು. 2015ರಲ್ಲಿ ಹೋಲೋಕ್ಲಾರ್ ಎಂಬ ಹೆಸರಿನಲ್ಲಿ ಯುರೋಪ್ ಅದಕ್ಕೆ ಅನುಮತಿ ಕೊಟ್ಟಿತು. ಸ್ಟೆಮ್ ಸೆಲ್ ಇರುವ ಔಷಧಿಗೆ ಅಲ್ಲಿ ಸಿಕ್ಕ ಮೊದಲ ಅನುಮತಿ ಅದು.

ಆದರೆ ಇದಕ್ಕೆಲ್ಲ ದುಬಾರಿ ಲ್ಯಾಬ್ ಬೇಕು. ಬೆಳೆಸಿದ ಪದರವನ್ನು 36 ಗಂಟೆಯೊಳಗೆ ಬಳಸಬೇಕು. ನಮ್ಮ ಕಡೆ ಎಷ್ಟು ಊರಿಗೆ ಇದು ಮುಟ್ಟೀತು?

ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯೂ ಮೊದಲು ಲ್ಯಾಬಿನಲ್ಲೇ ಕೋಶ ಬೆಳೆಸುತ್ತಿತ್ತು. 2012ರಲ್ಲಿ ಅಲ್ಲಿನ ಡಾ. ವೀರೇಂದರ್ ಸಂಗ್ವಾನ್ ಮತ್ತು ಜೊತೆಗಾರರು ಲ್ಯಾಬನ್ನೇ ಕೈಬಿಟ್ಟ ಸ್ಲೆಟ್ (SLET, ಅಂದರೆ ಲಿಂಬಸ್ ಕೋಶಗಳ ಸರಳ ಕಸಿ) ಎಂಬ ವಿಧಾನ ಪ್ರಕಟಿಸಿದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ದೊಡ್ಡ ಹೆಜ್ಜೆ ಇದೇ.

ಮಾಡುವುದು ಹೀಗೆ. ಒಳ್ಳೆಯ ಕಣ್ಣಿನ ಲಿಂಬಸ್‌ನಿಂದ ಸುಮಾರು 2 ಮಿ.ಮೀ. ಉದ್ದ, ಅಷ್ಟೇ ಅಗಲದ ಚೂರು ತೆಗೆಯುತ್ತಾರೆ. ಸುಟ್ಟ ಕಣ್ಣಿನ ಮೇಲೆ ಹಬ್ಬಿದ ಪೊರೆಯನ್ನು ಬಿಡಿಸುತ್ತಾರೆ. ಹೆರಿಗೆಯಾದ ತಾಯಂದಿರು ದಾನ ಕೊಟ್ಟ ಮಾಸಿನ ಒಳಪೊರೆಯನ್ನು ಅಲ್ಲಿ ಹಾಸಿ, ಫೈಬ್ರಿನ್ ಎಂಬ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಅಂಟಿನಿಂದ ಕೂರಿಸುತ್ತಾರೆ. ತೆಗೆದ ಚೂರನ್ನು 8–10 ತುಣುಕು ಮಾಡಿ, ಕಪ್ಪುಗುಡ್ಡೆಯ ನಡುಭಾಗ ಬಿಟ್ಟು ಸುತ್ತಲೂ, ಪೈರು ನಾಟಿ ಮಾಡಿದ ಹಾಗೆ, ಒಂದೊಂದಾಗಿ ಇಟ್ಟು ಮತ್ತೆ ಅಂಟು ಹಾಕಿ ಮೇಲೊಂದು ಕಾಂಟ್ಯಾಕ್ಟ್ ಲೆನ್ಸ್ ಮುಚ್ಚುತ್ತಾರೆ. ಒಂದೇ ಸಲದ ಆಪರೇಷನ್. ಕೋಶಗಳು ಕಣ್ಣಿನ ಮೇಲೇ ಬೆಳೆದು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

2016ರಲ್ಲಿ ಪ್ರಕಟವಾದ, ಸ್ಲೆಟ್ ಮಾಡಿದ 125 ಕಣ್ಣುಗಳ ಲೆಕ್ಕದಲ್ಲಿ 76% ಗೆದ್ದಿದ್ದವು. ಇದನ್ನೂ ಇಟಲಿಯ 76.6%ನ್ನೂ ಹೀಗೆ ಪಕ್ಕಪಕ್ಕ ಇಡುವುದು ಪೂರ್ತಿ ಸರಿಯಲ್ಲ, ಆದರೂ ಲ್ಯಾಬ್ ಇಲ್ಲದೆಯೇ ಇಷ್ಟು ಸಾಧ್ಯವಾಯಿತು! ಇದಕ್ಕೂ ಮಿತಿ ಇದೆ. ಎರಡೂ ಕಣ್ಣು ಸುಟ್ಟಿದ್ದರೆ ಬೇರೆಯವರ ಚೂರು ಬೇಕು, ದೇಹ ಅದನ್ನು ತಿರಸ್ಕರಿಸದಂತೆ ಮಾತ್ರೆ ನುಂಗಬೇಕು. ಕಲೆ ಆಳಕ್ಕೆ ಇಳಿದಿದ್ದರೆ ಆಮೇಲೆ ಕಾರ್ನಿಯಾ ಕಸಿಯೂ ಬೇಕಾಗಬಹುದು.

ಇದನ್ನು ಓದಿ ಸ್ಟೆಮ್ ಸೆಲ್ ಅಂದರೆ ಎಲ್ಲದಕ್ಕೂ ಮದ್ದು ಅಂದುಕೊಳ್ಳಬೇಡಿ. ಇಲ್ಲಿ ಕಣ್ಣಿನ ಕೋಶ ಕಣ್ಣಿಗೇ ಹೋಗಿ ತನ್ನ ಹಳೇ ಕೆಲಸವನ್ನೇ ಮಾಡುತ್ತಿದೆ. ಆಟಿಸಂಗೂ ಮಂಡಿನೋವಿಗೂ ಒಂದೇ ಇಂಜೆಕ್ಷನ್ ಎನ್ನುವ ಜಾಹೀರಾತು ಬೇರೆಯೇ ಲೆಕ್ಕ. ‘ಟ್ರಯಲ್ ನಡೀತಿದೆ’ ಅಂದರೆ ಸಿಟಿಆರ್‌ಐ (ಭಾರತದಲ್ಲಿ ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿ) ನೋಂದಣಿ ನಂಬರ್ ಕೇಳಿ, ಆನ್‌ಲೈನ್‌ನಲ್ಲಿ ಹುಡುಕಿ ನೋಡಿ. ಟ್ರಯಲ್‌ನಲ್ಲಿರುವ ಚಿಕಿತ್ಸೆಗೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಬಿಲ್ ಕೊಟ್ಟರೆ ಸುಮ್ನೆ ಎದ್ದು ಬನ್ನಿ.