ಸಾಲು ನಿಲ್ಲಿಸಬೇಡಿ, ಬಾಲು ಕೊಡಿ: ಚಿಕ್ಕ ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಬಗೆ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಯಾವ ಮೈದಾನಕ್ಕಾದರೂ ಹೋಗಿ ನೋಡಿ. ಹದಿನೈದು ಮಕ್ಕಳ ಒಂದು ಸಾಲು, ಒಂದು ಬಾಲು, ಕುತ್ತಿಗೆಗೆ ಸೀಟಿ ಕಟ್ಟಿಕೊಂಡ ಒಬ್ಬ ಕೋಚ್. ಒಬ್ಬ ಓಡಿಹೋಗಿ ಒದ್ದು ಬರುತ್ತಾನೆ, ಮಿಕ್ಕವರು ಜೆರ್ಸಿ ಕಚ್ಚಿಕೊಂಡು ಪಕ್ಕದ ಕ್ರಿಕೆಟ್ ನೋಡುತ್ತಿರುತ್ತಾರೆ. ಒಂದು ಗಂಟೆಯಲ್ಲಿ ಒಂದು ಮಗುವಿನ ಕಾಲಿಗೆ ಬಾಲು ಸಿಗುವುದು ನಾಲ್ಕೇ ನಿಮಿಷ. ಹೀಗಾದರೆ ಕಲಿಯೋದು ಯಾವಾಗ?

ನಾನು ನಮ್ಮ ಬಡಾವಣೆಯಲ್ಲಿ ಏಳರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ಕಲಿಸುತ್ತೇನೆ. ನಿಮ್ಮ ಓಣಿಯಲ್ಲೂ ನೀವು ಶುರು ಮಾಡಬಹುದು. ದೊಡ್ಡ ಆಟಗಾರನೇ ಆಗಿರಬೇಕು ಅಂತೇನಿಲ್ಲ.

ಮೊದಲು ಬಾಲು. ತಲೆಗೊಂದು ಬಾಲು ಬೇಕು. ಎಂಟು ವರ್ಷದ ಒಳಗಿನವರಿಗೆ 3ನೇ ನಂಬರ್, ಹನ್ನೆರಡರವರೆಗೆ 4, ಆಮೇಲೆ 5. ದೊಡ್ಡವರ 5ನೇ ನಂಬರ್ ಬಾಲು 410ರಿಂದ 450 ಗ್ರಾಂ ತೂಗುತ್ತದೆ. ಅಂಗಡಿಯವರು "ಬೆಳೆಯೋ ಹುಡುಗ ಸರ್, ದೊಡ್ಡದೇ ತಗೊಳ್ಳಿ" ಅಂತಾರೆ. ಬಾಲೇನು ಯೂನಿಫಾರ್ಮಾ, ಮಡಚಿ ಹೊಲಿಸೋಕೆ? ನಮ್ಮ ಗಟ್ಟಿ ಮಣ್ಣಿನ ನೆಲದಲ್ಲಿ ಗಾಳಿ ಸ್ವಲ್ಪ ಕಮ್ಮಿ ಇರಲಿ, ಇಲ್ಲದಿದ್ದರೆ ಬಾಲು ಮೊಣಕಾಲಿಗೇ ಪುಟಿಯುತ್ತೆ. ಗುರುತಿಗೆ ಇಡೋ ಕೋನ್ ಇಲ್ಲವೇ? ನೀರಿನ ಬಾಟಲಿ ಸಾಕು. ಇಟ್ಟಿಗೆ ಮಾತ್ರ ಇಡಬೇಡಿ.

ಶುರುವಿಗೆ ಕಳ್ಳ-ಪೊಲೀಸ್. ಸುಮಾರು ಹದಿನೈದು ಹೆಜ್ಜೆಯ ಒಂದು ಚೌಕ ಗುರುತು ಮಾಡಿ. ಎಲ್ಲರೂ ತಮ್ಮ ತಮ್ಮ ಬಾಲು ಡ್ರಿಬಲ್ ಮಾಡಿಕೊಂಡು, ಅಂದರೆ ಕಾಲಲ್ಲೇ ತಳ್ಳಿಕೊಂಡು, ಓಡಾಡಲಿ. ಇಬ್ಬರು ಪೊಲೀಸರು ಆ ಬಾಲುಗಳನ್ನು ಆಚೆ ಒದೆಯಬೇಕು. ಔಟ್ ಆದವರನ್ನು ಕೂರಿಸಬೇಡಿ. ಮೊದಲು ಔಟ್ ಆಗುವುದು ಆಟ ಬಾರದ ಮಗು, ಹೆಚ್ಚು ಬಾಲು ಸಿಗಬೇಕಾದ್ದೂ ಅದಕ್ಕೇ ಅಲ್ವಾ? ಆಚೆಯೇ ಹತ್ತು ಸಲ ಬಾಲಿನ ಮೇಲೆ ಅಂಗಾಲು ಮುಟ್ಟಿಸಿ ವಾಪಸ್ ಬರಲಿ.

ಆಮೇಲೆ ನಾನು ಜಾಸ್ತಿ ಹೊತ್ತು ಕೊಡೋದು ಪಾಸ್ ತೆಗೆದುಕೊಳ್ಳುವುದಕ್ಕೆ. ಒದೆಯೋದನ್ನು ಎಲ್ಲರೂ ಕಲಿಸುತ್ತಾರೆ, ಬಂದ ಬಾಲನ್ನು ತೆಗೆದುಕೊಳ್ಳೋದನ್ನು ಕಲಿಸುವವರು ಕಮ್ಮಿ. ಸಾಮಾನ್ಯವಾಗಿ ಮಗು ಪಾಸ್ ಕೊಟ್ಟವನಿಗೆ ಎದೆ ಕೊಟ್ಟು ನಿಲ್ಲುತ್ತೆ, ಬಾಲು ಕಾಲ ಕೆಳಗೆ ಸತ್ತು ಬೀಳುತ್ತೆ. ತಿರುಗುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಾಗಿರುತ್ತೆ. ಅದರ ಬದಲು ಓರೆಯಾಗಿ ನಿಲ್ಲಿಸಿ, ಒಂದು ಭುಜ ಪಾಸ್ ಕೊಡುವವನ ಕಡೆ, ಇನ್ನೊಂದು ಮುಂದೆ ಹೋಗಬೇಕಾದ ಕಡೆ. ಬಾಲು ಮೈ ಮುಂದೆ ಹಾದುಹೋಗಲಿ. ಹತ್ತಿರದ ಕಾಲು ಮುಟ್ಟಬಾರದು, ದೂರದ ಕಾಲಿನ ಒಳಬದಿಯಿಂದ ತೆಗೆದುಕೊಳ್ಳಬೇಕು. ಆ ಒಂದೇ ಟಚ್‌ನಲ್ಲಿ ಮಗು ಮುಂದಕ್ಕೆ ತಿರುಗಿಬಿಟ್ಟಿರುತ್ತೆ.

ಇದಕ್ಕೂ ಮುಂಚೆ ಹಿಂದೆ ಏನಿದೆ ಅಂತ ನೋಡಬೇಕು. ನಾನು ಮಗುವಿನ ಬೆನ್ನ ಹಿಂದೆ ನಿಂತು ಬೆರಳು ಎತ್ತುತ್ತೇನೆ. ಪಾಸ್ ಹೊರಟ ಕೂಡಲೇ ಹಿಂದಿರುಗಿ ನೋಡಿ "ಮೂರು!" ಅಂತ ಕೂಗಿ, ಬಾಲು ತೆಗೆದುಕೊಳ್ಳಬೇಕು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, "ಸರ್, ಬಾಲು ನೋಡ್ಲೋ, ನಿಮ್ ಬೆರಳು ನೋಡ್ಲೋ?" ಎರಡೂ ನೋಡಮ್ಮ, ಬಾಲು ಹೊರಟಾಗ ಬೆರಳು, ಹತ್ತಿರ ಬಂದಾಗ ಬಾಲು ಅಂದೆ. ಮೊದಮೊದಲು ಬಾಲು ತಪ್ಪೇ ತಪ್ಪುತ್ತೆ. ತಪ್ಪಲಿ ಬಿಡಿ.

ಉಳಿದ ಅರ್ಧ ಸಮಯ ಪೂರ್ತಿ ಆಟ. ಆ ಕಡೆ ನಾಲ್ಕು ಜನ, ಈ ಕಡೆ ನಾಲ್ಕು ಜನ, ಎರಡು ಮೀಟರಿನ ಗೋಲು, ಗೋಲ್‌ಕೀಪರ್ ಬೇಡ. ದೊಡ್ಡವರ ಗೋಲು 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಅದರ ಕೆಳಗೆ ಹತ್ತು ವರ್ಷದ ಹುಡುಗನನ್ನು ನಿಲ್ಲಿಸಿದರೆ ಮೇಲಿಂದ ಎತ್ತಿ ಹಾಕಿದವರೆಲ್ಲ ಹೀರೋ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ 2018ರಲ್ಲಿ ಶುರು ಮಾಡಿದ ಗೋಲ್ಡನ್ ಬೇಬಿ ಲೀಗ್‌ನಲ್ಲೂ ಚಿಕ್ಕ ಮಕ್ಕಳಿಗೆ ಚಿಕ್ಕ ತಂಡಗಳೇ ಇದ್ದವು. ಹಲಸೂರಿನ ಗೌತಮಪುರದಿಂದ ಎಷ್ಟೊಂದು ಆಟಗಾರರು ಬಂದರಲ್ಲ, ಆ ಇಕ್ಕಟ್ಟಿನ ಜಾಗಗಳಲ್ಲಿ ಬಾಲು ಮುಟ್ಟದೆ ನಿಲ್ಲೋಕೇ ಆಗಲ್ಲ.

ಆಟ ನಡೆಯುವಾಗ ನೀವು ಬಾಯಿ ಮುಚ್ಚಿಕೊಂಡಿರಿ. "ಪಾಸ್ ಮಾಡೋ, ಶೂಟ್ ಮಾಡೋ" ಅಂತ ಕೂಗ್ತಾ ಇದ್ದರೆ ಮಗು ಬಾಲು ಬಿಟ್ಟು ನಿಮ್ಮ ಮುಖ ನೋಡುತ್ತೆ. ನೀರು ಕುಡಿಯುವಾಗ ಒಂದು ಪ್ರಶ್ನೆ ಕೇಳಿ: ಅಲ್ಲಿ ಇನ್ನೇನು ಮಾಡಬಹುದಿತ್ತು?

ಹೆಡಿಂಗ್, ಅಂದರೆ ತಲೆಯಿಂದ ಬಾಲು ಹೊಡೆಯೋದನ್ನು, ನಾನು ಕಲಿಸುವುದೇ ಇಲ್ಲ. ಇಂಗ್ಲೆಂಡಿನಲ್ಲಿ 2020ರಿಂದ ಪ್ರೈಮರಿ ವಯಸ್ಸಿನ ಮಕ್ಕಳ ತರಬೇತಿಯಲ್ಲಿ ಅದು ಬೇಡ ಎಂಬ ಸೂಚನೆ ಇದೆ. ಮಕ್ಕಳ ಗಾತ್ರ ನೋಡಿಯೂ ತಂಡಕ್ಕೆ ಆಯ್ಕೆ ಮಾಡಬೇಡಿ. ಒಂದೇ ವಯೋಮಿತಿಯ ಗುಂಪಿನಲ್ಲಿ ಜನವರಿಯವನಿಗೂ ಡಿಸೆಂಬರಿನವನಿಗೂ ಹೆಚ್ಚುಕಮ್ಮಿ ಒಂದು ವರ್ಷದ ಅಂತರ ಇರುತ್ತೆ. ಇವತ್ತು ಎಲ್ಲರನ್ನೂ ತಳ್ಳಿಕೊಂಡು ಹೋಗುವ ದಾಂಡಿಗ ಮುಂದೆಯೂ ಹಾಗೇ ಗೆಲ್ಲುತ್ತಾನೆ ಅನ್ನೋ ಗ್ಯಾರಂಟಿ ಇಲ್ಲ. ಭಾರತ ತಂಡದ ನಾಯಕನಾಗಿದ್ದ ಸುನಿಲ್ ಛೆಟ್ರಿ ಏನು ಆರಡಿ ಆಳಾ?

ಹಿಮ್ಮಡಿ ನೋವು ಅಂತ ಮಗು ಹೇಳಿದರೆ ನೆಪ ಅಂದುಕೊಳ್ಳಬೇಡಿ. ಎಂಟರಿಂದ ಹದಿನಾಲ್ಕರ ನಡುವೆ, ಬೆಳೆಯುವ ಮೂಳೆಯ ಮೇಲೆ ಒತ್ತಡ ಬಿದ್ದು ಇದು ಬರುವುದುಂಟು. ಓಟ, ನೆಗೆತ ಕಮ್ಮಿ ಮಾಡಿ. ಕುಂಟುತ್ತಿದ್ದರೆ ಡಾಕ್ಟರಿಗೆ ತೋರಿಸಿ.

ಕೊನೆಗೆ ಅಪ್ಪ-ಅಮ್ಮಂದಿರು. "ಸರ್, ನಮ್ಮವನನ್ನ ಸ್ಟ್ರೈಕರ್ ಆಡಿಸಿ" ಅನ್ನೋ ಮಾತು ಪ್ರತಿ ವಾರ ಇದ್ದದ್ದೇ. ಹನ್ನೆರಡರವರೆಗೆ ಎಲ್ಲರೂ ಎಲ್ಲಾ ಜಾಗದಲ್ಲೂ ಆಡುತ್ತಾರೆ ಅಂತ ಸೇರಿಸಿಕೊಳ್ಳುವಾಗಲೇ ಹೇಳಿಬಿಡಿ. ಚಪ್ಪಾಳೆ ಹೊಡೀಬಹುದು, ಸಲಹೆ ಕೊಡೋ ಹಾಗಿಲ್ಲ. ಕೇಳದವರ ಕೈಗೆ ನಾನು ಖಾಲಿ ಬಾಟಲಿಗಳನ್ನು ಕೊಟ್ಟು ನೀರು ತುಂಬಿಸಿಕೊಂಡು ಬರೋಕೆ ಕಳಿಸುತ್ತೇನೆ. ನಲ್ಲಿ ಮೈದಾನದ ಆ ತುದಿಯಲ್ಲಿದೆ.