ಕಡಿಮೆ ಬೆಲೆಯ ಎಲ್‌ಟಿಒ-6 ಟೇಪ್: ನನ್ನ ಅನುಭವ

ಎಲ್‌ಟಿಒ ಅಂದರೆ ಕಂಪ್ಯೂಟರ್ ಡೇಟಾ ಕಾಪಿಡುವ ಮ್ಯಾಗ್ನೆಟಿಕ್ ಟೇಪ್, 6 ಅದರ ಆರನೇ ತಲೆಮಾರು. ಅದನ್ನು ಬರೆದು ಓದುವ ಡ್ರೈವ್ ಮೇಲಿರುವ ಕಂಪನಿ ಹೆಸರೇ ಟೇಪ್ ಮೇಲೂ ಇರಬೇಕು, ಇಲ್ಲದಿದ್ದರೆ ಡ್ರೈವ್‌ನ ಹೆಡ್ ಸವೆಯುತ್ತೆ, ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಕೂಡ ಸಿಗಲ್ಲ ಎಂದು ಸರ್ವೀಸ್ ಎಂಜಿನಿಯರ್ ಬಂದಾಗಲೆಲ್ಲ ಹೆದರಿಸುತ್ತಿದ್ದರು. ನಮ್ಮ ರಾಜಾಜಿನಗರದ ಎಡಿಟಿಂಗ್ ಸ್ಟುಡಿಯೋದ ಫೂಟೇಜ್ ಎಲ್ಲ ಈಗ ಬೇರೆ ಹೆಸರಿನ ಟೇಪ್‌ಗಳಲ್ಲೇ ಇದೆ. ಮೊನ್ನೆ ಒಂದು ಹಳೇ ಪ್ರಾಜೆಕ್ಟ್ ಪೂರ್ತಿ ವಾಪಸ್ ತೆಗೆದೆ. ಬರೆದದ್ದೂ ಓದಿದ್ದೂ ಒಂದೇ ಎಂದು ತಾಳೆ ನೋಡುವ ಚೆಕ್‌ಸಮ್ ಒಂದೂ ತಪ್ಪಲಿಲ್ಲ.

ದುಡ್ಡಿನ ಮಾತು ಮೊದಲು. ದೊಡ್ಡ ಹೆಸರಿನ ಟೇಪ್ ಒಂದಕ್ಕೆ 3,500ರ ಹತ್ತಿರ ಕೇಳುತ್ತಿದ್ದರು, ನಾನು ತರುವುದು 2,000ದ ಆಸುಪಾಸು. ಎಲ್‌ಟಿಒ ಒಂದೇ ಕಂಪನಿಯ ಸ್ವತ್ತಲ್ಲ. ಹೊರಗಿನ ಹೆಸರು ಹತ್ತಾರು ಇದ್ದರೂ ಒಳಗಿನ ಟೇಪ್ ಬಹುಪಾಲು ಫ್ಯೂಜಿಫಿಲ್ಮ್ ಅಥವಾ ಸೋನಿಯದ್ದು.

ಇನ್ನೂ ಅಗ್ಗಕ್ಕೆ ಸಿಗುತ್ತದೆಂದು ಎಸ್‌ಪಿ ರಸ್ತೆಯಲ್ಲಿ ‘ರೀಸರ್ಟಿಫೈಡ್’ (ಬಳಸಿದ್ದನ್ನು ಪರೀಕ್ಷಿಸಿದ್ದೇವೆಂದು ಮತ್ತೆ ಮಾರುವ) ಲಾಟ್ ಒಂದನ್ನೂ ತಂದಿದ್ದೆ, ಒಂದಕ್ಕೆ 900 ಇರಬೇಕು. ಕೆಲವು ಟೇಪ್‌ಗಳ ಡಬ್ಬಿಯೊಳಗಿನ ಚಿಪ್ ಓದಿದರೆ ಯಾವುದೋ ಆಫೀಸಿನಲ್ಲಿ ನೂರಾರು ಸಲ ಲೋಡ್ ಆದ ಲೆಕ್ಕ ಅದರಲ್ಲೇ ಇತ್ತು. ಉಳಿದವನ್ನು ಡ್ರೈವ್ ನುಂಗಿ ಹಾಗೇ ಉಗಿಯಿತು. ಯಾರೋ ಡೀಗಾಸ್ ಮಾಡಿದ್ದರು, ಅಂದರೆ ಬಲವಾದ ಅಯಸ್ಕಾಂತದಿಂದ ಪೂರ್ತಿ ಅಳಿಸಿದ್ದರು. ಹೆಡ್‌ಗೆ ದಾರಿ ತೋರಿಸುವ ಸರ್ವೋ ಟ್ರ್ಯಾಕ್ ಫ್ಯಾಕ್ಟರಿಯಲ್ಲಿ ಮಾತ್ರ ಬರೆಯುವಂಥದ್ದು, ಅದು ಹೋದರೆ ಟೇಪ್ ಬರೀ ಪ್ಲಾಸ್ಟಿಕ್. ಹತ್ತು-ಹನ್ನೆರಡು ಸಾವಿರ ಹೋಯಿತು, ಅಂಗಡಿಯವರು ಒಂದು ರೂಪಾಯಿ ವಾಪಸ್ ಕೊಡಲಿಲ್ಲ. ಆಮೇಲಿಂದ ಸೀಲ್ ಇರುವ ಹೊಸದು ಮಾತ್ರ. ಎಲ್ಲಿ ತರುತ್ತೇನೆ ಅನ್ನೋದು ನನ್ನಲ್ಲೇ ಇರಲಿ, ಸ್ಟಾಕ್ ಕಡಿಮೆ.

ಪ್ರತಿ ಟೇಪ್‌ಗೂ ಕೆಲಸಕ್ಕೆ ಇಳಿಸುವ ಮೊದಲು ಒಂದು ಪರೀಕ್ಷೆ. ಕಂಪ್ರೆಷನ್ ಆಫ್ ಮಾಡಿ, ಎಸ್‌ಎಸ್‌ಡಿಯಿಂದ ರ‍್ಯಾಂಡಮ್ ಡೇಟಾ ತುದಿ ಮುಟ್ಟುವವರೆಗೆ ತುಂಬಿಸುತ್ತೇನೆ. ಸೆಕೆಂಡಿಗೆ 160 ಎಂಬಿ ವೇಗ ಸಿಕ್ಕಿದರೆ ನಾಲ್ಕೂಕಾಲು ಗಂಟೆಯ ಮೇಲೆ ಸ್ವಲ್ಪ. ಬರೆದದ್ದನ್ನು ಹಿಂದಿನ ಹೆಡ್ ಆಗಲೇ ಓದಿ ನೋಡಿ, ಸರಿಯಿಲ್ಲದಿದ್ದರೆ ಡ್ರೈವ್ ಅದನ್ನೇ ಮುಂದೆ ಮತ್ತೆ ಬರೆಯುತ್ತದಲ್ಲ, ಹಾಗಾಗಿ ದುರ್ಬಲ ಟೇಪ್ ಬೇಗ ಮುಗಿಯುತ್ತದೆ. ಒಳ್ಳೆಯವು 2.5 ಟಿಬಿ ಹತ್ತಿರ ಬಂದವು. ಒಂದೆರಡು 2.2ಕ್ಕೇ ನಿಂತವು, ಡ್ರೈವ್‌ನ ಒಳಲೆಕ್ಕ ತೋರಿಸುವ ಎಸ್‌ಜಿ-ಲಾಗ್ಸ್ ಕಮಾಂಡ್‌ನ ಪೇಜ್ 2ರಲ್ಲಿ ಮರುಬರಹದ ಸಂಖ್ಯೆಯೂ ಏರಿತ್ತು. ಅವನ್ನು ಪಕ್ಕಕ್ಕಿಟ್ಟೆ. ನಂತರ ಪೂರ್ತಿ ಓದಿ ಚೆಕ್‌ಸಮ್. ಯಾವ ಎಂಜಿನಿಯರೂ ಬ್ರಾಂಡೆಡ್ ಟೇಪನ್ನು ಇಷ್ಟು ಜಾಲಾಡಿದ್ದು ನಾನು ಕಂಡಿಲ್ಲ.

ಸಣ್ಣ ಫೈಲ್‌ಗಳನ್ನು ನಾಸ್‌ನಿಂದ (ನೆಟ್‌ವರ್ಕ್ ಮೇಲಿನ ಸ್ಟೋರೇಜ್ ಡಬ್ಬಿ) ನೇರ ಕಳಿಸಿದರೆ ಟೇಪ್ ನಿಂತು, ಹಿಂದೆ ಸರಿದು, ಮತ್ತೆ ಓಡುತ್ತದೆ. ಆ ಗರ್ರ್ ಸದ್ದು ಕೇಳಿದವರಿಗೆ ಗೊತ್ತು. ಹೆಡ್ ಸವೆಸುವುದು ಇದು, ಟೇಪ್ ಮೇಲಿನ ಹೆಸರಲ್ಲ. ಡೇಟಾವನ್ನು ಮೆಮೊರಿಯಲ್ಲಿ ಕೂಡಿಟ್ಟು ಒಟ್ಟಿಗೆ ಬಿಡುವ ಎಂಬಫರ್ ಅನ್ನೋ ಪ್ರೋಗ್ರಾಂ ನಡುವೆ ಹಾಕಿದ ಮೇಲೆ ಆ ಕಾಟ ನಿಂತಿತು. ಎಷ್ಟು ಶೇಕಡಾ ತುಂಬಿದಾಗ ಬಿಡಬೇಕು ಅನ್ನೋದನ್ನು ನಿಮ್ಮ ಡ್ರೈವ್‌ನ ಸದ್ದು ಕೇಳಿಯೇ ಕಂಡುಕೊಳ್ಳಿ.

ನನಗೆ ನಿಜಕ್ಕೂ ಕಾಟ ಕೊಟ್ಟದ್ದು ಬಾರ್‌ಕೋಡ್. ಸಾದಾ ಸ್ಟಿಕ್ಕರ್ ಹಾಳೆಯಲ್ಲಿ ಪ್ರಿಂಟ್ ಹಾಕಿ ಅಂಟಿಸಿದ್ದು ಜುಲೈ ತೇವಕ್ಕೆ ಅಂಚು ಎದ್ದು, ಬಾರ್‌ಕೋಡ್ ನೋಡಿ ಟೇಪ್ ತಾನೇ ಬದಲಿಸುವ ಲೋಡರ್ ಒಳಗೆ ಸಿಕ್ಕಿಕೊಂಡಿತು. ಈಗ ಪಾಲಿಯೆಸ್ಟರ್ ಲೇಬಲ್, ಆರು ಅಕ್ಷರ, ಕೊನೆಗೆ ಎಲ್6.

ಕೆಲವು ಟೇಪ್‌ಗಳನ್ನು ಸಿಲಿಕಾ ಜೆಲ್ ಹಾಕಿ ಬೀರುವಿನಲ್ಲಿ, ಕೆಲವನ್ನು ತೆರೆದ ಶೆಲ್ಫಿನಲ್ಲಿ ಇಟ್ಟು ಎರಡು ಮಳೆಗಾಲ ನೋಡಿದೆ. ಎರರ್ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೂ ಬೀರುವೇ ಇರಲಿ.

ಉಳಿದ ದುಡ್ಡಿನಲ್ಲಿ ಇನ್ನೊಂದು ಹಳೇ ಎಲ್‌ಟಿಒ-6 ಡ್ರೈವ್ ತಂದಿಟ್ಟಿದ್ದೇನೆ, 25,000 ಚಿಲ್ಲರೆ. ಎಲ್‌ಟಿಒ-7 ಡ್ರೈವ್ ಈ ಟೇಪ್‌ಗಳನ್ನು ಓದುತ್ತದೆ, 8 ಓದುವುದಿಲ್ಲ.