ಗಾಯಗೊಂಡ ಶೆಲ್ಟರ್ ನಾಯಿ ಮನೆಗೆ ಬಂದರೆ: ಔಷಧಿ ಸುಲಭ, ಸುಮ್ನೆ ಮಲಗಿಸೋದೇ ಕಷ್ಟ

ಕಾಲು ಮುರಿದ ನಾಯಿಯೊಂದನ್ನು ಶೆಲ್ಟರ್‌ನಿಂದ ಮನೆಗೆ ತರಲು ಹೊರಟಿದ್ದೀರಾ? ಹೊರಡುವ ಮೊದಲು ಕಾಗದಪತ್ರ ಕೇಳಿ. ಎಕ್ಸ್‌ರೇ, ಈಗ ಕೊಡುತ್ತಿರುವ ಮಾತ್ರೆಗಳು, ರೇಬಿಸ್ ಲಸಿಕೆ ಹಾಕಿಸಿದ ದಿನ ಎಲ್ಲವೂ ಬೇಕು. ಯಾರನ್ನಾದರೂ ಕಚ್ಚಿದೆಯೇ ಎಂದೂ ಕೇಳಿ, ಸಂಕೋಚ ಬೇಡ.

ನೋವಿನಲ್ಲಿರುವ ನಾಯಿ ಎಷ್ಟೇ ಸಾಧುವಾದರೂ ಕಚ್ಚಬಹುದು. ಎತ್ತುವ ಮೊದಲು ಮೆತ್ತನೆಯ ಬಟ್ಟೆಯಿಂದ ಬಾಯಿ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಉಸಿರಾಡಲು ಒದ್ದಾಡುತ್ತಿದ್ದರೆ ಮಾತ್ರ ಕಟ್ಟಬಾರದು. ಬೆನ್ನು ಬಾಗದಂತೆ ಹಲಗೆಯ ಮೇಲೆ ಜಾರಿಸಿ ಸಾಗಿಸಿ. ಕಚ್ಚಿಬಿಟ್ಟರೆ ಗಾಯವನ್ನು ಸೋಪು, ನೀರಿನಿಂದ 15 ನಿಮಿಷ ತೊಳೆದು ಅಂದೇ ಡಾಕ್ಟರ ಬಳಿ ಹೋಗಿ.

ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಮಾತ್ರ ಕೊಡಬೇಡಿ. ಪ್ಯಾರಸಿಟಮಾಲ್ ನಾಯಿಯ ಲಿವರ್ ಕೆಡಿಸಬಹುದು, ಐಬುಪ್ರೊಫೇನ್ ಹೊಟ್ಟೆ ಮತ್ತು ಕಿಡ್ನಿಗೆ ಪೆಟ್ಟು ಕೊಡುತ್ತದೆ. ಮೈ ಬಿಸಿ ಅನ್ನಿಸಿದ ಕೂಡಲೇ ಗಾಬರಿಯಾಗಬೇಡಿ, ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಒಸಡು ಬಿಳಿಚಿದ್ದರೆ ಅಥವಾ ನೀಲಿಗಟ್ಟಿದ್ದರೆ ತಡಮಾಡದೆ ಪಶುವೈದ್ಯರಲ್ಲಿಗೆ ಓಡಿ.

ಮನೆಯಲ್ಲಿ ಬೇರೆ ನಾಯಿಗಳಿದ್ದರೆ ಎರಡು ವಾರ ದೂರವಿಡಿ. ಪಾರ್ವೋ, ಡಿಸ್ಟೆಂಪರ್‌ನಂಥ ಅಂಟುರೋಗಗಳು ಜೊತೆಗೇ ಬಂದಿರಬಹುದು. ಬಡಕಲಾಗಿದ್ದರೆ ಒಂದೇ ಸಲಕ್ಕೆ ಹೊಟ್ಟೆ ತುಂಬ ಹಾಕಬೇಡಿ, ಸ್ವಲ್ಪ ಸ್ವಲ್ಪವೇ ಹಲವು ಸಲ ಕೊಡಿ.

ನಿಜವಾದ ಪರೀಕ್ಷೆ ಇನ್ನು ಮುಂದೆ. ಬೆಳೆದ ನಾಯಿಯ ಮೂಳೆ ಕೂಡಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಆದರೆ ನೋವು ಅದಕ್ಕಿಂತ ಎಷ್ಟೋ ಮೊದಲೇ ಇಳಿಯುತ್ತದೆ. ಮೂಳೆ ಕೂಡಿಲ್ಲ ಅಂತ ನಾಯಿಗೇನು ಗೊತ್ತು? ಸೋಫಾ ಹತ್ತುತ್ತದೆ, ಬಾಗಿಲ ಸದ್ದಿಗೆ ಜಿಗಿಯುತ್ತದೆ. ಮುರಿದ ಮೂಳೆ ಹಿಡಿದಿಡಲು ಆಪರೇಷನ್ ಮಾಡಿ ಒಳಗೆ ಕೂರಿಸಿದ ಪ್ಲೇಟ್ ಬಾಗುವುದು, ಸ್ಕ್ರೂ ಸಡಿಲವಾಗುವುದು ಹೀಗೆಯೇ. ‘ಪಾಪ, ಸ್ವಲ್ಪ ಓಡಾಡಲಿ ಬಿಡಿ’ ಎನ್ನುವವರು ಮನೆಯಲ್ಲೇ ಇರುತ್ತಾರೆ, ಅಲ್ವಾ? ಅವರನ್ನು ಒಪ್ಪಿಸುವುದು ನಾಯಿಯನ್ನು ಮಲಗಿಸುವುದಕ್ಕಿಂತ ದೊಡ್ಡ ಕೆಲಸ. ಹೊಸ ಎಕ್ಸ್‌ರೇ ನೋಡಿ ವೈದ್ಯರು ಹೂಂ ಅನ್ನುವವರೆಗೆ ಬೋನು ಅಥವಾ ಸಣ್ಣ ಕೋಣೆಯೇ ಅದರ ಜಾಗ. ನೆಲ ಜಾರುವಂತಿದ್ದರೆ ಮ್ಯಾಟ್ ಹಾಸಿ. ಹೊರಗೆ ಕರೆದೊಯ್ಯುವುದು ಉಚ್ಚೆ, ಕಕ್ಕಸಿಗೆ ಮಾತ್ರ, ಅದೂ ಬೆಲ್ಟ್ ಹಿಡಿದೇ. ಹಿಂಗಾಲಿಗೆ ಪೆಟ್ಟಾಗಿದ್ದರೆ ಹೊಟ್ಟೆಯಡಿ ಟವೆಲ್ ಹಾಕಿ ಎತ್ತಿ ಹಿಡಿಯಿರಿ. ಬೇಸರ ಕಳೆಯಲು ಊಟವನ್ನು ಬಟ್ಟೆಯ ಮಡಿಕೆಗಳಲ್ಲಿ ಬಚ್ಚಿಡಿ. ಮೂಸಿ ಹುಡುಕುವುದರಲ್ಲೇ ಅದಕ್ಕೆ ಸುಸ್ತಾಗುತ್ತದೆ.

ನಡಿಗೆಗೆ ಅನುಮತಿ ಸಿಕ್ಕ ಮೇಲೂ ಅವಸರ ಬೇಡ. ವೇಗವಾಗಿ ನಡೆಸಿದರೆ ನಾಯಿ ಪೆಟ್ಟಾದ ಕಾಲನ್ನು ಎತ್ತಿಕೊಂಡು ಕುಂಟುತ್ತದೆ. ನಿಧಾನವಾಗಿ ನಡೆಸಿದರೆ ಆ ಕಾಲನ್ನು ಊರುತ್ತದೆ, ಸೊರಗಿದ ತೊಡೆಗೂ ಬಲ ಬರುತ್ತದೆ.

ಹೆದರಿಕೆ ಹೋಗಲು ಮೂಳೆಗಿಂತ ಹೆಚ್ಚು ದಿನ ಹಿಡಿಯಬಹುದು. ಕಣ್ಣಿಗೆ ಕಣ್ಣಿಟ್ಟು ನೋಡದೆ, ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತಿರಿ. ಅದೇ ಹತ್ತಿರ ಬರಲಿ. ಪದೇ ಪದೇ ತುಟಿ ನೆಕ್ಕಿಕೊಂಡರೆ, ಆಕಳಿಸಿದರೆ, ಕಣ್ಣಿನ ಬಿಳಿ ಭಾಗ ಕಂಡರೆ ಕೈ ಹಿಂತೆಗೆಯಿರಿ. ಗುರ್ ಅಂದದ್ದಕ್ಕೆ ಬೈಯಬೇಡಿ. ಗುರುಗುಟ್ಟಲು ಬಿಡದಿದ್ದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚೀತು.